ಓಂ ಬೀಚ್ ವಿಮಾನಮಾರ್ಗ ಮೀಮಾಂಸೆ

ಎರಡು ಊರುಗಳ ನಡುವೆ ಆಕಾಶದಲ್ಲಿರುವ, ಸಾಮಾನ್ಯರ ಕಣ್ಣಿಗೆ ಬೀಳದ, ಚುನಾವಣೆಯ ವರ್ಷದಲ್ಲಿ ಮಾತ್ರ ಎಲ್ಲರಿಗೂ ನಿಚ್ಚಳವಾಗಿ ಗೋಚರಿಸುವ ದಾರಿಯನ್ನು ವಿಮಾನಮಾರ್ಗ ಎನ್ನುತ್ತಾರೆ. ಇದರಲ್ಲಿ ಎರಡು ಬಗೆ: ವಿಮಾನ ಹಾರುವ ಮಾರ್ಗ ಮತ್ತು ವಿಮಾನ ಹಾರಲಿರುವ ಮಾರ್ಗ. ಎರಡನೆಯದರ ಸಂಖ್ಯೆ ಮೊದಲನೆಯದಕ್ಕಿಂತ ಸದಾ ಒಂದು ಕೈ ಮೇಲು. ಈ ಶಾಸ್ತ್ರದ ಅಧ್ಯಯನಕ್ಕೆ ಕುಮಟಾ ತಾಲೂಕಿನ ಗೋಕರ್ಣದ ಓಂ ಬೀಚಿಗಿಂತ ಪ್ರಶಸ್ತವಾದ ಸ್ಥಳ ಸಿಗಲಾರದು. ಎರಡು ಅರ್ಧಚಂದ್ರಗಳು ಬಂಡೆಗಳ ಬಳಿ ಕೂಡಿ ಆದ ಅದರ ಓಂ ಆಕಾರ ಪೂರ್ತಿಯಾಗಿ ಕಾಣುವುದು ಮೇಲಿನಿಂದ ಮಾತ್ರ. ಅಂದರೆ ವಿಮಾನ ಪ್ರಯಾಣಿಕರಿಗೆಂದೇ ಪ್ರಕೃತಿ ಬರೆದಿಟ್ಟ ನಾಮಫಲಕ ಇದು. ಇದನ್ನು ಓದುವವರಾದರೋ ರಿಕ್ಷಾದಲ್ಲಿ ಗುಡ್ಡದ ನೆತ್ತಿಗೆ ಬಂದು, ಮೆಟ್ಟಿಲಿಳಿಯುವ ಮೊದಲು ಕತ್ತು ಚಾಚಿ ಅರ್ಧ ಓದುತ್ತಾರೆ. ಉಳಿದರ್ಧವನ್ನು ಯಾರದೋ ಡ್ರೋನ್ ಚಿತ್ರದಲ್ಲಿ ನೋಡಿಕೊಳ್ಳುತ್ತಾರೆ.

ಕ್ಷೇತ್ರದ ವೈಮಾನಿಕ ಇತಿಹಾಸ ರಾವಣನಿಂದ ಶುರುವಾಗುತ್ತದೆ. ಪುಷ್ಪಕ ವಿಮಾನದ ಒಡೆಯನಾಗಿದ್ದೂ ಆತ ಕೈಲಾಸದಿಂದ ಆತ್ಮಲಿಂಗವನ್ನು ಕೈಯಲ್ಲಿ ಹಿಡಿದು ನೆಲದ ಮೇಲೆಯೇ ಗೋಕರ್ಣಕ್ಕೆ ಬಂದನೆಂದು ಸ್ಥಳದ ಜನ ಕತೆ ಹೇಳುತ್ತಾರೆ. ಇದಕ್ಕೆ ಕಾರಣವೇನೆಂಬ ಬಗ್ಗೆ ಮೀಮಾಂಸಕರಲ್ಲಿ ಭಿನ್ನಮತವಿದೆ. ಗೋಕರ್ಣದಲ್ಲಿ ಆಗಲೂ ವಿಮಾನನಿಲ್ದಾಣ ಇರಲಿಲ್ಲ ಎಂಬುದು ಪೂರ್ವಪಕ್ಷ. ನೆಲಕ್ಕಿಡಬಾರದೆಂಬ ಷರತ್ತಿದ್ದ ಸಾಮಾನನ್ನು ಭದ್ರತಾ ತಪಾಸಣೆಯ ಟ್ರೇಯಲ್ಲಿ ಇಡಲು ಬರುತ್ತಿರಲಿಲ್ಲ ಎಂಬುದು ಸಿದ್ಧಾಂತ. ಸಂಧ್ಯಾವಂದನೆಯ ಹೊತ್ತಿಗೆ ಆತ ಗುರುತು ಪರಿಚಯವಿಲ್ಲದ ವಟುವಿನ ಕೈಗೆ ಸಾಮಾನು ಕೊಟ್ಟು ಹೋದದ್ದೂ, ಅದರಿಂದ ಆದ ನಷ್ಟವೂ ಪ್ರಸಿದ್ಧ. ಇಂದು ಎಲ್ಲ ನಿಲ್ದಾಣಗಳಲ್ಲೂ ಧ್ವನಿವರ್ಧಕದಲ್ಲಿ ಕೊಡುವ ಎಚ್ಚರಿಕೆಯ ಮೂಲ ಇದೇ ಇರಬೇಕು. ಸಿಟ್ಟಿನಲ್ಲಿ ರಾವಣ ಕಿತ್ತೆಸೆದ ಚೂರುಗಳು ಧಾರೇಶ್ವರ, ಗುಣವಂತೆ, ಮುರ್ಡೇಶ್ವರ, ಶೇಜ್ಜೇಶ್ವರಗಳಲ್ಲಿ ಬಿದ್ದವು. ಲಂಕೆಗೆ ಹೋಗಬೇಕಿದ್ದ ಒಂದೇ ಸಾಮಾನು ಹೀಗೆ ಐದು ಕಡೆ ವಿತರಣೆಯಾಯಿತು. ಇಂದಿನ ಏರ್ಪಾಡು ಇದರ ತಿರುವುಮುರುವು: ಹೋಗಬೇಕಾದ ಜಾಗ ಒಂದೇ, ಇಳಿಯಬೇಕಾದ ನಿಲ್ದಾಣಗಳು ಆರು.

ಆ ಆರು ಯಾವುವೆಂದರೆ ದಾಬೋಲಿಮ್, ಮೋಪಾ, ಹುಬ್ಬಳ್ಳಿ, ಬೆಳಗಾವಿ, ಮಂಗಳೂರು, ಶಿವಮೊಗ್ಗ. ಇವುಗಳ ಒಡೆತನವೂ ದಿಕ್ಕಿಗೊಂದರಂತೆ ಚೆದುರಿದೆ. ದಾಬೋಲಿಮ್‌ನ ರನ್‌ವೇ ನೌಕಾಪಡೆಯದು, ಟರ್ಮಿನಲ್ ವಿಮಾನನಿಲ್ದಾಣ ಪ್ರಾಧಿಕಾರದ್ದು. ಮೋಪಾವನ್ನು ನಡೆಸುವುದು ಜಿಎಂಆರ್, 2020ರ ಅಕ್ಟೋಬರ್‌ನಿಂದ ಮಂಗಳೂರನ್ನು ನಡೆಸುವುದು ಅದಾನಿ ಸಮೂಹ. ಹುಬ್ಬಳ್ಳಿ, ಬೆಳಗಾವಿ ಕೇಂದ್ರದ ಪ್ರಾಧಿಕಾರದ ಕೈಯಲ್ಲಿವೆ. ಶಿವಮೊಗ್ಗ ರಾಜ್ಯ ಸರ್ಕಾರದ್ದೇ. ಒಬ್ಬ ಪ್ರವಾಸಿ ಚಡ್ಡಿ ತೊಟ್ಟು ಮರಳಿನಲ್ಲಿ ಮಲಗುವುದಕ್ಕೆ ಇಷ್ಟು ಮಂದಿ ಪೈಪೋಟಿಗಿಳಿದ ಉದಾಹರಣೆ ರಾಜ್ಯದಲ್ಲಿ ಬೇರೆಲ್ಲೂ ಇಲ್ಲ.

ಶಾಸ್ತ್ರದ ಪ್ರಮಾಣಗ್ರಂಥ 2008ರ ಗ್ರೀನ್‌ಫೀಲ್ಡ್ ವಿಮಾನನಿಲ್ದಾಣ ನೀತಿ. ಈಗಿರುವ ನಾಗರಿಕ ನಿಲ್ದಾಣದ 150 ಕಿ.ಮೀ. ಒಳಗೆ ಹೊಸದು ಬಂದರೆ ಹಳೆಯದರ ಮೇಲೆ ಏನು ಪರಿಣಾಮವಾಗುತ್ತದೆಂದು ನೋಡಬೇಕು ಎಂಬುದು ಅದರ ಮುಖ್ಯ ಸೂತ್ರ. ಈ ಸೂತ್ರ ಹಿಡಿದು ಭೂಪಟದ ಮೇಲೆ ಅಳತೆಪಟ್ಟಿ ಇಟ್ಟರೆ ಓಂ ಬೀಚಿಗೆ ನೇರ ರೇಖೆಯಲ್ಲಿ ದಾಬೋಲಿಮ್ ಸುಮಾರು 110 ಕಿ.ಮೀ., ಹುಬ್ಬಳ್ಳಿ 120ರ ಆಸುಪಾಸು, ಮೋಪಾ 140ರ ಮೇಲೆ, ಬೆಳಗಾವಿ ಸರಿಸುಮಾರು 150ರ ಗೆರೆಯ ಮೇಲೆಯೇ, ಶಿವಮೊಗ್ಗ 160, ಮಂಗಳೂರು 185. ಅದೇ ಕರಾವಳಿಯಲ್ಲಿ ದಕ್ಷಿಣಕ್ಕಿರುವ ಭಟ್ಕಳದಲ್ಲಿ ಲೆಕ್ಕ ತಲೆಕೆಳಗು: ಮಂಗಳೂರು 120, ದಾಬೋಲಿಮ್ 170ಕ್ಕೂ ಹೆಚ್ಚು. ಭಟ್ಕಳದ ಮನೆಮನೆಗೂ ಕೊಲ್ಲಿ ದೇಶಗಳ ನಂಟಿದೆ. ಮಂಗಳೂರಿನ ನಿಲ್ದಾಣವಿರುವ ಬಜ್ಪೆಯಿಂದ 2006ರಲ್ಲಿ ದುಬೈಗೆ ನೇರ ವಿಮಾನ ಶುರುವಾದ ಮೇಲೆ ಆ ಊರಿಗೆ ಮಂಗಳೂರು ಬಿಟ್ಟು ಬೇರೆ ನಿಲ್ದಾಣದ ಯೋಚನೆ ಬರುವುದು ಟಿಕೆಟ್ ದರ ನೋಡಿದಾಗ ಮಾತ್ರ.

ಓಂ ಬೀಚ್, ಭಟ್ಕಳಗಳ ನಡುವೆ ಇರುವ ಹೊನ್ನಾವರ ಮೀಮಾಂಸಕರ ಪಾಲಿಗೆ ಚಿನ್ನದ ಗಣಿ. ಶರಾವತಿ ಕಡಲು ಸೇರುವ ಈ ಊರಿನಿಂದ ಶಿವಮೊಗ್ಗ, ಹುಬ್ಬಳ್ಳಿ, ದಾಬೋಲಿಮ್, ಮಂಗಳೂರು ನಾಲ್ಕೂ 135ರಿಂದ 155 ಕಿ.ಮೀ. ಒಳಗೆ ಬರುತ್ತವೆ. ನಾಲ್ಕು ನಿಲ್ದಾಣಗಳಿಗೆ ಹೆಚ್ಚುಕಡಿಮೆ ಸಮದೂರದಲ್ಲಿರುವ ಇಂಥ ತಾಲೂಕು ಕೇಂದ್ರಕ್ಕೆ ನಾಲ್ಕು ಪಟ್ಟು ಅನುಕೂಲವಿರಬೇಕೆಂದು ತರ್ಕ ಹೇಳುತ್ತದೆ. ಅನುಭವ ಹೇಳುವುದು ಬೇರೆ. ಹೊನ್ನಾವರದವರು ಬೆಂಗಳೂರಿಗೆ ಹೋಗುವುದು ಬಸ್ಸಿನಲ್ಲಿ. ಎಲ್ಲಕ್ಕೂ ಸಮದೂರದಲ್ಲಿರುವುದು ಯಾವುದಕ್ಕೂ ಹತ್ತಿರವಿರುವುದಿಲ್ಲ ಎಂಬ ಈ ನಿಯಮವನ್ನು ಹೊನ್ನಾವರ ನ್ಯಾಯ ಎಂದು ಕರೆಯಬಹುದು. ಮಂಕಿ ದಾಟಿ ಹೊನ್ನಾವರ ಮುಟ್ಟುವುದರೊಳಗೆ ಎಲ್ಲೋ ಮಂಗಳೂರಿನ ಆಕಾಶ ಮುಗಿದು ಗೋವೆಯ ಆಕಾಶ ಶುರುವಾಗುತ್ತದೆ. ಹೆದ್ದಾರಿಯವರು ಅಲ್ಲಿ ಫಲಕ ನೆಡದಿರುವುದು ಲೋಪವೇ.

ಗೋವೆಯ ಆಕಾಶವೂ ಈಗ ಒಂದಾಗಿ ಉಳಿದಿಲ್ಲ. ಪೋರ್ಚುಗೀಸರು ಕಟ್ಟಿದ ದಾಬೋಲಿಮ್ 1961ರ ವಿಮೋಚನೆಯ ನಂತರ ನೌಕಾಪಡೆಗೆ ಬಂತು. ನೌಕಾ ವಿಮಾನಗಳ ತಾಲೀಮಿಗೆಂದು ವಾರದ ದಿನಗಳ ಬೆಳಗಿನ ಹೊತ್ತು ಬಹುಕಾಲ ನಾಗರಿಕ ವಿಮಾನಗಳಿಗೆ ಬಾಗಿಲು ಹಾಕುತ್ತಿದ್ದರು. ಆ ಇಕ್ಕಟ್ಟಿಗೆ ಪರಿಹಾರವಾಗಿ ಪೆಡ್ನೆ ತಾಲೂಕಿನ ಮೋಪಾದಲ್ಲಿ ಹೊಸ ನಿಲ್ದಾಣವಾಗಿ, 2023ರ ಜನವರಿ 5ರಿಂದ ವಿಮಾನಗಳು ಇಳಿಯತೊಡಗಿದವು. ಮೋಪಾ ಗೋವೆಯ ಉತ್ತರ ತುದಿ. ಓಂ ಬೀಚಿಗೆ ಹೊರಟವರು ಅಲ್ಲಿ ಇಳಿದರೆ ಇಡೀ ಗೋವೆಯನ್ನು ಉದ್ದಕ್ಕೆ ದಾಟಿಯೇ ಕಾರವಾರದ ಗಡಿ ಮುಟ್ಟಬೇಕು. ಟಿಕೆಟ್‌ನಲ್ಲಿ ಎರಡಕ್ಕೂ ಗೋವಾ ಎಂದೇ ಹೆಸರು, ಗುರುತಿನಲ್ಲಿ ಒಂದಕ್ಕೆ ಜಿಒಐ, ಇನ್ನೊಂದಕ್ಕೆ ಜಿಒಎಕ್ಸ್. ಕೊನೆಯ ಒಂದಕ್ಷರ ತಪ್ಪಿದವರಿಗೆ ಟ್ಯಾಕ್ಸಿಯವರು ಪಾಠ ಕಲಿಸುತ್ತಾರೆ, ಶುಲ್ಕ ಸಮೇತ.

ಪ್ರಾದೇಶಿಕ ನಿಲ್ದಾಣಗಳ ಸ್ಪರ್ಧೆಯ ಮೂಲಪಾಠ ಮಾತ್ರ ಹುಬ್ಬಳ್ಳಿ–ಬೆಳಗಾವಿ ಕಾಂಡದಲ್ಲಿದೆ. ಎರಡರ ನಡುವಿನ ರಸ್ತೆ ನೂರು ಕಿ.ಮೀ. ಆಸುಪಾಸು. 2017ರಲ್ಲಿ ಎರಡೂ ಕಡೆ ಹೊಸ ಟರ್ಮಿನಲ್ ಉದ್ಘಾಟನೆಯಾದವು. ಅದೇ ಕಾಲಕ್ಕೆ ಉಡಾನ್ ಯೋಜನೆ ಬಂತು. ಅದರ ತತ್ತ್ವ ಸರಳ: ವಿಮಾನದ ಒಂದಷ್ಟು ಸೀಟುಗಳನ್ನು ಕಡಿಮೆ ದರಕ್ಕೆ ಮಾರಬೇಕು, ಒಂದು ಗಂಟೆಯ ಹಾರಾಟಕ್ಕೆ ಮೊದಲಿಗೆ ನಿಗದಿಯಾದದ್ದು 2,500 ರೂಪಾಯಿ. ಆಗುವ ನಷ್ಟವನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತದೆ. ಆ ಹಣದ ಬಹುಪಾಲು ದೊಡ್ಡ ಮಾರ್ಗಗಳ ವಿಮಾನಗಳ ಮೇಲೆ ಹಾಕಿದ ಕರದಿಂದ ಬರುತ್ತದೆ. ಹುಬ್ಬಳ್ಳಿಗೆ ಉಡಾನ್ ಸಿಕ್ಕಿತು, ಬೆಳಗಾವಿಗೆ ಮೊದಲ ಸುತ್ತುಗಳಲ್ಲಿ ಸಿಗಲಿಲ್ಲ. 2018ರ ಮೇ ತಿಂಗಳಲ್ಲಿ ಸ್ಪೈಸ್‌ಜೆಟ್ ಬೆಳಗಾವಿಯಿಂದ ಗಂಟುಮೂಟೆ ಕಟ್ಟಿಕೊಂಡು ಹುಬ್ಬಳ್ಳಿಗೆ ಹೋಯಿತು. ಬೆಳಗಾವಿಯವರು ಸುಮ್ಮನೆ ಕೂರುವ ಪೈಕಿಯಲ್ಲ; ಮೂರನೆಯ ಸುತ್ತಿನಲ್ಲಿ, 2019ರ ಜನವರಿಯಲ್ಲಿ, ಆ ಊರಿಗೂ ಮಾರ್ಗಗಳು ಸಾಲುಗಟ್ಟಿ ಬಂದವು. ವಿಮಾನ ಕಂಪನಿಗಳ ವಲಸೆ ಮಳೆಗಾಲದ ಹಕ್ಕಿಗಳ ವಲಸೆಯಂತೆಯೇ ನಿಯಮಬದ್ಧವೆಂದು ಇದರಿಂದ ತಿಳಿಯಿತು. ಹಕ್ಕಿಗಳು ಹುಳುಹುಪ್ಪಟೆ ನೋಡಿ ಬರುತ್ತವೆ, ಇವು ಸಬ್ಸಿಡಿ ನೋಡಿ.

ಮೂರು ವರ್ಷ ಕಳೆದ ಮೇಲೆ ಏನಾಗುತ್ತದೆಂಬ ಪ್ರಶ್ನೆಗೆ ಅಣಕವಾಡುವ ಅಗತ್ಯವೂ ಇಲ್ಲದ ಉತ್ತರವನ್ನು ಮಹಾಲೇಖಪಾಲರು 2023ರ ವರದಿಯಲ್ಲಿ ಕೊಟ್ಟಿದ್ದಾರೆ. ದೇಶದಾದ್ಯಂತ ಉಡಾನ್‌ನ ಮೂರನೆಯ ಸುತ್ತಿನವರೆಗೆ ಹಂಚಿದ್ದು 774 ಮಾರ್ಗ. ಅವುಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದವು 112. ಅದರಾಚೆಗೆ, 2023ರ ಮಾರ್ಚ್ ಹೊತ್ತಿಗೆ ಉಸಿರಾಡುತ್ತಿದ್ದವು 54. ಮೊದಲಲ್ಲಿ ಹೇಳಿದ ಹಾರುವ ಮಾರ್ಗ, ಹಾರಲಿರುವ ಮಾರ್ಗ ಎಂಬ ವರ್ಗೀಕರಣಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ. ಹಾರಿ ನಿಂತ ಮಾರ್ಗ ಎಂಬ ಮೂರನೆಯ ಬಗೆಯೊಂದನ್ನು ಸೇರಿಸಿಕೊಂಡರೆ ಸಾಕು.

ಶಿವಮೊಗ್ಗದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ರಾಷ್ಟ್ರಕವಿ ಕುವೆಂಪು ಹೆಸರಿನ ಆ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ, ಆಗಸ್ಟ್ 31ರಂದು ಮೊದಲ ಪ್ರಯಾಣಿಕ ವಿಮಾನ ಕಂಡಿತು. 3,200 ಮೀಟರಿನ ರನ್‌ವೇ, ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಇದೇ ಉದ್ದ. ಅಲ್ಲಿ ಮೊದಲು ಬಂದಿಳಿದ ಎಟಿಆರ್ ವಿಮಾನಕ್ಕೆ ಅದರಲ್ಲಿ ಅರ್ಧವೂ ಬೇಕಿಲ್ಲ. ಉಳಿದರ್ಧ ಭವಿಷ್ಯಕ್ಕೆ ಮೀಸಲು. ಅಲ್ಲಿಂದ ಸಾಗರ, ಮಾವಿನಗುಂಡಿ ದಾಟಿ ಗೇರುಸೊಪ್ಪೆಯ ಘಟ್ಟ ಇಳಿದು ಹೊನ್ನಾವರ ಸೇರುವ ಹೊತ್ತಿಗೆ ಆಕಾಶದಲ್ಲಿ ಉಳಿಸಿದ ಸಮಯವೆಲ್ಲ ತಿರುವುಗಳಲ್ಲಿ ಖರ್ಚಾಗಿರುತ್ತದೆ.

ಇಲ್ಲಿಗೆ ಶಾಸ್ತ್ರದ ನಿಜವಾದ ಸಿದ್ಧಾಂತ ಬಂತು. ಓಂ ಬೀಚಿಗೆ ಹೋಗುವವರು ಯಾವ ನಿಲ್ದಾಣದಲ್ಲಿ ಇಳಿಯಬೇಕೆಂಬುದನ್ನು ನಿರ್ಧರಿಸುವುದು ವಿಮಾನವಲ್ಲ, ಇಳಿದ ಮೇಲಿನ ನೆಲ. ಹುಬ್ಬಳ್ಳಿಯ ಭವಿಷ್ಯ ಯಲ್ಲಾಪುರದಾಚೆಯ ಅರಬೈಲ್ ಘಟ್ಟದಲ್ಲಿದೆ, ಇಲ್ಲವೇ ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟದ ಕಾಮಗಾರಿಯಲ್ಲಿ. ದಶಕಗಳಿಂದ ಕಡತ ಬಿಟ್ಟು ಕದಲದ ಹುಬ್ಬಳ್ಳಿ–ಅಂಕೋಲಾ ರೈಲು ಆಗಿದ್ದರೆ ಮಾತು ಬೇರೆ. ಗೋವೆಯ ಭವಿಷ್ಯ ಕಾರವಾರದ ಕಾಳಿ ಸೇತುವೆಯಲ್ಲಿದೆ. 2024ರ ಆಗಸ್ಟ್ 7ರ ನಡುರಾತ್ರಿ ಅಲ್ಲಿನ ಹಳೆಯ ಸೇತುವೆ ಕುಸಿದಾಗ ಎರಡೂ ದಿಕ್ಕಿನ ವಾಹನಗಳು ಪಕ್ಕದ ಹೊಸ ಸೇತುವೆಗೆ ಬರಬೇಕಾಯಿತು. ಬಸ್ಸಿನಲ್ಲಿ ಬಂದವರು ಕೊನೆಗೆ ಮಾದನಗೇರಿ ಕ್ರಾಸಿನಲ್ಲಿ ಇಳಿದು ಗೋಕರ್ಣದ ಟೆಂಪೊ ಕಾಯುತ್ತಾರೆ. ಅಲ್ಲಿ ಯಾರೂ ಬೋರ್ಡಿಂಗ್ ಪಾಸ್ ಕೇಳುವುದಿಲ್ಲ.

ಆರೂ ನಿಲ್ದಾಣಗಳು ಒಂದರ ಮೇಲೊಂದು ಕಣ್ಣಿಟ್ಟಿರುವಾಗ ಪ್ರಯಾಣಿಕರನ್ನು ಸದ್ದಿಲ್ಲದೆ ಹೊತ್ತೊಯ್ಯುವುದು ಸ್ಲೀಪರ್ ಬಸ್ಸು ಮತ್ತು ಪಂಚಗಂಗಾ ಎಕ್ಸ್‌ಪ್ರೆಸ್. ಸಂಜೆ ಬೆಂಗಳೂರಿನಲ್ಲಿ ಹತ್ತಿ ಮಲಗಿದರೆ ಬೆಳಗಾಗುವಾಗ ಕುಮಟಾ, ಆಮೇಲೆ ಗೋಕರ್ಣ ರೋಡ್. ದೇವನಹಳ್ಳಿಗೆ ಹೋಗಿ, ಕಾದು, ಹಾರಿ, ಹುಬ್ಬಳ್ಳಿಯಲ್ಲಿ ಇಳಿದು, ಘಟ್ಟದ ದಾರಿ ಹಿಡಿದವರು ಕಳೆಯುವ ಹೊತ್ತು ಹಗಲಿನದು, ರೈಲಿನವರು ಕಳೆಯುವುದು ನಿದ್ದೆಯದು. ಸಾಮಾನಿನ ವಿಷಯದಲ್ಲೂ ರೈಲಿನದೇ ಮೇಲುಗೈ. ಬೇಸಿಗೆಯಲ್ಲಿ ಕುಮಟಾದ ಹೆದ್ದಾರಿ ಬದಿಯಲ್ಲಿ, ಅಳ್ವೆಕೋಡಿಯ ಸುತ್ತ, ಸಿಹಿ ಈರುಳ್ಳಿಯನ್ನು ಅದರ ಒಣ ಎಲೆಯಲ್ಲೇ ಜಡೆ ಹೆಣೆದು ಸಾಲಾಗಿ ತೂಗಹಾಕಿರುತ್ತಾರೆ. ಮೊಳದುದ್ದದ ಅಂಥ ಎರಡು ಜಡೆ ಬರ್ತಿನ ಕೊಕ್ಕೆಗೆ ಹಾಕಿದರೆ ಬೆಂಗಳೂರಿನವರೆಗೆ ಅಲ್ಲಾಡಿಕೊಂಡು ಬರುತ್ತವೆ. ವಿಮಾನದ ಏಳು ಕಿಲೋ ಕೈಚೀಲದ ಲೆಕ್ಕದಲ್ಲಿ ಅವಕ್ಕೆ ಜಾಗವಿಲ್ಲ.

ಭವಿಷ್ಯದ ಕಾಂಡ ಅಂಕೋಲಾ ತಾಲೂಕಿನ ಅಲಗೇರಿಯದು. ಓಂ ಬೀಚಿನಿಂದ ಗಂಗಾವಳಿ ನದಿಯಾಚೆ, ನೇರ ರೇಖೆಯಲ್ಲಿ ಇಪ್ಪತ್ತು ಕಿ.ಮೀ. ಮೀರದು. ಕಾರವಾರದ ಸೀಬರ್ಡ್ ನೌಕಾನೆಲೆ ಯೋಜನೆಯ ಅಂಗವಾಗಿ ನೌಕಾಪಡೆಯ ರನ್‌ವೇ, ಅದರ ಪಕ್ಕದಲ್ಲಿ ನಾಗರಿಕರ ಟರ್ಮಿನಲ್ ಎಂಬುದು ಪ್ರಸ್ತಾವ. ಸೀಬರ್ಡ್‌ಗೆ 1986ರಲ್ಲಿ ಅಡಿಗಲ್ಲು ಬಿದ್ದು, ಕದಂಬ ನೌಕಾನೆಲೆ 2005ರಲ್ಲಿ ಸೇವೆಗೆ ಸೇರುವ ನಡುವೆ ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಮನೆಮಠ ಬಿಟ್ಟು ಎದ್ದವು. ಪರಿಹಾರದ ಮೊಕದ್ದಮೆಗಳು ಎಷ್ಟೋ ವರ್ಷ ನಡೆದವು. ಈ ಪ್ರಬಂಧದಲ್ಲಿ ನಗಲಾಗದ ಭಾಗ ಅದೊಂದೇ. ಅಲಗೇರಿಯಲ್ಲಿ ಮತ್ತೆ ಭೂಮಿ ಹೋಗುವಾಗ ಆ ಲೆಕ್ಕ ಮೊದಲು ಚುಕ್ತಾ ಆಗಬೇಕು, ವಿಮಾನದ ವೇಳಾಪಟ್ಟಿ ಆಮೇಲೆ.

ಅಲಗೇರಿಗೆ ವಿಮಾನ ಬಂದಿತೆಂದೇ ಇಟ್ಟುಕೊಂಡರೂ ಅದರ ಜಾತಕ ಹೊಸದಲ್ಲ. ಒಡೆಯರು ನೌಕಾಪಡೆ, ನಾಗರಿಕರು ಬಾಡಿಗೆಯವರು, ಹಾರುವ ಹೊತ್ತು ಒಡೆಯರು ಬಿಟ್ಟುಕೊಟ್ಟಷ್ಟು. ಇದು ದಾಬೋಲಿಮ್‌ನ ಪುನರ್ಜನ್ಮವೇ. ಓಂ ಬೀಚಿಗೆ ಜನ ಬರುವುದು ಮಳೆ ನಿಂತ ಮೇಲೆ, ಅದೂ ವಾರದ ಕೊನೆಗೆ. ವಿಮಾನಕ್ಕೆ ಆಷಾಢದ ಮಂಗಳವಾರವೂ ಸೀಟು ತುಂಬಬೇಕು. ಕಾರವಾರದ ನೌಕಾನೆಲೆಯವರು, ಕೈಗಾ ಅಣುಸ್ಥಾವರದವರು, ಊರಿನ ವ್ಯಾಪಾರಿಗಳು ವರ್ಷವಿಡೀ ಹತ್ತಿದರೆ ಮಾತ್ರ ಅಲ್ಲಿ ವಿಮಾನ ನಿಲ್ಲುತ್ತದೆ. ಹತ್ತದಿದ್ದರೆ ಅದೂ ಮೂರು ವರ್ಷದ ಮಾರ್ಗ. ಅಲ್ಲಿಯವರೆಗೆ ಗೋವಾಕ್ಕೆ ಟಿಕೆಟ್ ಕೊಳ್ಳುವ ಓಂ ಬೀಚ್ ಯಾತ್ರಿಕರು ಅದು ದಾಬೋಲಿಮ್ಮೋ ಮೋಪಾವೋ ಎಂಬುದನ್ನು ದುಡ್ಡು ಕಟ್ಟುವ ಮೊದಲೇ ನೋಡಿಕೊಳ್ಳತಕ್ಕದ್ದು.