ಪ್ರೊಸೆಸರ್ ಪಂಡಿತರು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇವರೊಬ್ಬರು ಇದ್ದೇ ಇರುತ್ತಾರೆ. ಬ್ಯಾಂಕಿನಲ್ಲೋ ವಿದ್ಯುತ್ ಮಂಡಳಿಯಲ್ಲೋ ದುಡಿದು ನಿವೃತ್ತರಾದವರು. ಬೆಳಗಿನ ವಾಕಿಂಗ್ ಗುಂಪಿನಲ್ಲಿ ಯಾರಾದರೂ "ನಮ್ಮನೆ ಕಂಪ್ಯೂಟರ್ ಯಾಕೋ ತುಂಬಾ ನಿಧಾನ" ಎಂದು ಬಾಯಿ ಬಿಟ್ಟರೆ ಮುಗಿಯಿತು, ಹತ್ತು ಗಂಟೆಗೆ ಅವರ ಮನೆ ಬಾಗಿಲಲ್ಲಿ ಹಾಜರ್. ಚಪ್ಪಲಿ ಬಿಡುವಾಗಲೇ ತೀರ್ಪು ಹೊರಬಿದ್ದಿರುತ್ತದೆ: "ಪ್ರೊಸೆಸರ್ ಹೋಗಿದೆ ಬಿಡಿ."

ತಪಾಸಣೆ ಏನಿದ್ದರೂ ಆಮೇಲೆ. ವೀಣೆಗೆ ಕುಳಿತ ವಿದ್ವಾಂಸರ ಗತ್ತಿನಲ್ಲಿ ಕಣ್ಣು ಅರೆಮುಚ್ಚಿ, ಎಡಗೈಯ ಮೂರು ಬೆರಳಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯುತ್ತಾರೆ. ಡೀಟೇಲ್ಸ್ ಪಟ್ಟಿಯಲ್ಲಿ 'ಸಿಸ್ಟಂ ಐಡಲ್ ಪ್ರೋಸೆಸ್' ಎದುರು 96 ಎಂಬ ಅಂಕಿ. "ನೋಡಿದ್ರಾ? ಇವನೊಬ್ಬನೇ ತೊಂಬತ್ತಾರು ಪರ್ಸೆಂಟ್ ತಿಂತಿದ್ದಾನೆ!" ಎಂದು ಅದನ್ನು ಮುಗಿಸಲು ಹೊರಡುತ್ತಾರೆ. ವಿಂಡೋಸ್ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಪಾಪ, ಆ ಅಂಕಿ ಹೇಳುವುದು ಪ್ರೊಸೆಸರ್ ಎಷ್ಟು ಹೊತ್ತು ಕೆಲಸವಿಲ್ಲದೆ ಸುಮ್ಮನೆ ಕೂತಿದೆ ಎಂಬುದನ್ನು. ನೂರಕ್ಕೆ ತೊಂಬತ್ತಾರು ಪಾಲು ಬಿಡುವಾಗಿರುವವನ ಮೇಲೆ ಕಳ್ಳತನದ ಆರೋಪ!

ಅದೇ ಕಿಟಕಿಯಲ್ಲಿ ಪಕ್ಕದ ಹಾಳೆಗೆ ಹೋದರೆ ಡಿಸ್ಕ್ ಎಂಬ ಕಾಲಂ 100 ತೋರಿಸುತ್ತಾ ಗೋಗರೆಯುತ್ತಿರುತ್ತದೆ. ಇರುವುದು 4 ಜಿಬಿ ರ‍್ಯಾಮ್. ಬ್ರೌಸರಿನಲ್ಲಿ ಮಗಳ ಟ್ಯೂಷನ್ ವಿಡಿಯೊ, ಅಮ್ಮನ ಧಾರಾವಾಹಿ, ಕಳೆದ ತಿಂಗಳ ಕರೆಂಟ್ ಬಿಲ್ಲಿನ ಪುಟ, ಎಲ್ಲವೂ ತೆರೆದಿವೆ. ಸಾಲದ್ದಕ್ಕೆ ಎರಡೆರಡು ಆ್ಯಂಟಿವೈರಸ್. ರ‍್ಯಾಮ್ ತುಂಬಿದಾಗ ವಿಂಡೋಸ್ ಉಳಿದದ್ದನ್ನು ಹಳೆಯ ಹಾರ್ಡ್ ಡಿಸ್ಕಿಗೆ ಸಾಗಿಸುತ್ತದೆ, ಬೇಕಾದಾಗ ಮತ್ತೆ ಹೊತ್ತು ತರುತ್ತದೆ. ಗರಗರ ತಿರುಗುವ ಡಿಸ್ಕಿನಿಂದ ಅದು ಬರುವ ತನಕ ಪ್ರೊಸೆಸರ್ ಕಾಯಬೇಕು. ಪಂಡಿತರ ಕಣ್ಣು ಮಾತ್ರ ಆ ಕಾಲಮ್ಮಿನ ಕಡೆ ಹೊರಳುವುದಿಲ್ಲ. ಡಿಸ್ಕು, ರ‍್ಯಾಮು ಎಲ್ಲ ಸಣ್ಣಪುಟ್ಟವರ ಕಾಯಿಲೆ.

ಶಾಖದ ವಿಷಯದಲ್ಲಿ ಅವರ ಮಾತು ಅರ್ಧ ಸರಿ. ಉಷ್ಣತೆ ತೋರಿಸುವ ತಂತ್ರಾಂಶದಲ್ಲಿ 97 ಡಿಗ್ರಿ ಕಂಡರೆ ಯಾರಿಗಾದರೂ ಎದೆ ಧಸಕ್ ಎನ್ನುತ್ತದೆ. ಆದರೆ ಇಂಟೆಲ್‌ನ ಬಹುಪಾಲು ಡೆಸ್ಕ್‌ಟಾಪ್ ಚಿಪ್‌ಗಳು 100 ಡಿಗ್ರಿಯ ಆಸುಪಾಸಿಗೆ ಬಂದೊಡನೆ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ಇನ್ನೂ ಏರಿದರೆ ಯಂತ್ರವನ್ನೇ ಆರಿಸಿಬಿಡುತ್ತವೆ. ನಿಧಾನವಾದದ್ದು ಪ್ರೊಸೆಸರ್ ಸತ್ತಿದ್ದರಿಂದಲ್ಲ, ಸಾಯಬಾರದು ಎಂದು. ಇಂಥ ಒಂದು ಕ್ಯಾಬಿನೆಟ್ಟು ದೇವರ ಗೂಡಿನ ಕೆಳಗೇ ಇತ್ತು. ಬಿಚ್ಚಿದರೆ ಫ್ಯಾನಿನ ರೆಕ್ಕೆಗಳ ಮೇಲೆ ಊದುಬತ್ತಿಯ ಬೂದಿ, ಎಣ್ಣೆ ಜಿಡ್ಡು, ಮೂಲೆಯಲ್ಲಿ ಎರಡು ಹಲ್ಲಿಮೊಟ್ಟೆ. ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಸವರಿದ್ದ ಥರ್ಮಲ್ ಪೇಸ್ಟ್ ಒಣಗಿ ಸುಣ್ಣವಾಗಿತ್ತು.

ಅಲ್ಲಿಗೆ ಗುಡಿಸಿ, ಹೊಸ ಪೇಸ್ಟ್ ಸವರಿದ್ದರೆ ಕೆಲಸ ಮುಗಿಯುತ್ತಿತ್ತು. ಪಂಡಿತರು ಹೀಟ್‌ಸಿಂಕನ್ನು ಹಿಡಿದು ನೇರ ಎಳೆದರು. ಅದು ಎಎಮ್‌ಡಿಯ ಎಎಂ4 ಸಾಕೆಟ್ಟಿನ ಯಂತ್ರ. ಅದರಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನ ಹೊಟ್ಟೆಯಡಿ. ಸ್ವಲ್ಪ ಬಿಸಿ ಮಾಡಿ, ಅತ್ತಿತ್ತ ಮೆಲ್ಲನೆ ತಿರುಗಿಸಿ ಬಿಡಿಸಬೇಕು. ಇವರು ಎಳೆದ ಎಳೆತಕ್ಕೆ ಪೇಸ್ಟಿಗೆ ಅಂಟಿಕೊಂಡ ಪ್ರೊಸೆಸರ್ ಬುಡಸಮೇತ ಕಿತ್ತು ಬಂತು, ಒಂದು ಮೂಲೆಯ ಪಿನ್ನುಗಳೆಲ್ಲ ಅಡ್ಡಡ್ಡ. ಮನೆಯವರು ಬಿಟ್ಟ ಕಣ್ಣು ಬಿಟ್ಟಂತೆ ನಿಂತರು. ಪಂಡಿತರು ಅದನ್ನು ಬೆಳಕಿಗೆ ಹಿಡಿದು, "ನಾನು ಬಾಗಿಲಲ್ಲೇ ಹೇಳಲಿಲ್ವಾ?" ಎಂದರು. ಕೊನೆಗೆ ಎಸ್.ಪಿ. ರೋಡಿನ ಅಂಗಡಿಯ ಹುಡುಗನೊಬ್ಬ ಸೀಸವಿಲ್ಲದ ಮೆಕ್ಯಾನಿಕಲ್ ಪೆನ್ಸಿಲ್ಲಿನ ತುದಿಯಲ್ಲಿ ಒಂದೊಂದೇ ಪಿನ್ನು ನೆಟ್ಟಗೆ ಮಾಡಿಕೊಟ್ಟ.

ಸಾಕ್ಷಿ ಕೇಳಿದವರಿಗೆ ಅವರಲ್ಲಿ ಇತಿಹಾಸ ಸಿದ್ಧವಿದೆ, ಅದೂ ಅಪ್ಪಟ ನಿಜ. 1994ರಲ್ಲಿ ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಿಭಾಜ್ಯ ಸಂಖ್ಯೆಗಳ ಲೆಕ್ಕ ಮಾಡುತ್ತಿದ್ದಾಗ ಪೆಂಟಿಯಂ ಚಿಪ್ಪು ಭಾಗಾಕಾರದಲ್ಲಿ ತಪ್ಪುವುದು ಸಿಕ್ಕಿಬಿತ್ತು, ಇಂಟೆಲ್‌ಗೆ 47.5 ಕೋಟಿ ಡಾಲರ್ ಹೊರೆ. ಇನ್ನು 2024 ಅವರ ಸುವರ್ಣ ವರ್ಷ. ಹದಿಮೂರು, ಹದಿನಾಲ್ಕನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಮಿತಿಮೀರಿದ ವೋಲ್ಟೇಜಿನಿಂದ ಕೆಡುತ್ತಿವೆ ಎಂದು ಇಂಟೆಲ್ ಒಪ್ಪಿಕೊಂಡಿತು, ಮೈಕ್ರೋಕೋಡ್ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಪಂಡಿತರು ಆ ಸುದ್ದಿಯನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಬಡಾವಣೆ ಪೂರ್ತಿ ತೋರಿಸಿದರು. ಬಡಾವಣೆಯಲ್ಲಿದ್ದ ಇಂಟೆಲ್‌ಗಳೆಲ್ಲ ನಾಲ್ಕನೇ ತಲೆಮಾರಿನ ಐ3.

ಅವರ ಬ್ರಹ್ಮಾಸ್ತ್ರ ಪ್ರೈಮ್95. ದೊಡ್ಡ ದೊಡ್ಡ ಮರ್ಸೆನ್ ಅವಿಭಾಜ್ಯಗಳನ್ನು ಹುಡುಕಲು ಹುಟ್ಟಿದ ತಂತ್ರಾಂಶ ಅದು. ಪ್ರೊಸೆಸರಿನ ಬೆವರಿಳಿಸುವುದರಿಂದ ಪರೀಕ್ಷೆಗೂ ಬಳಸುತ್ತಾರೆ. 2016ರಲ್ಲಿ ಸ್ಕೈಲೇಕ್ ಚಿಪ್ಪುಗಳ ದೋಷವೊಂದು ಹೊರಬಿದ್ದದ್ದು ಇದರಿಂದಲೇ. ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ಬಂದು ನೋಡಿದರೆ ಒಂದು ತಪ್ಪೂ ಇಲ್ಲ. ಪಂಡಿತರ ಮುಖ ಬಾಡುತ್ತದೆ. "ಪಾಸ್ ಅಂತೇನೋ ತೋರಿಸ್ತಿದೆ, ನನಗೆ ನಂಬಿಕೆಯಿಲ್ಲ."

ಇಷ್ಟಾದರೂ ಅವರು ಯಾರಿಂದಲೂ ಒಂದು ಪೈಸೆ ಮುಟ್ಟಿದವರಲ್ಲ, ಅದಕ್ಕೇ ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ನಿಮ್ಮ ಬೀದಿಯಲ್ಲೂ ಇಂಥವರಿದ್ದರೆ ಅವರು ಬರುವ ಮೊದಲು ಈವೆಂಟ್ ವ್ಯೂವರ್ ತೆರೆದು ನೋಡಿ. ಅಲ್ಲಿ ವೀಯಾ-ಲಾಗರ್ ಹೆಸರಿನ ದೂರುಗಳು ಸಾಲುಗಟ್ಟಿದ್ದರೆ ಪ್ರೊಸೆಸರಿನ ಮೇಲೆ ಅನುಮಾನ ಪಡಲು ಕಾರಣವಿದೆ, ಅಂಗಡಿಗೆ ಒಯ್ಯಿರಿ. ಇಲ್ಲದಿದ್ದರೆ ಧೂಳು ಹೊಡೆದು ಒಂದು ಎಸ್‌ಎಸ್‌ಡಿ ಹಾಕಿಸಿ. ವಾಕಿಂಗ್ ಗುಂಪಿನಲ್ಲಿ ಮಾತ್ರ ತುಟಿ ಬಿಚ್ಚಬೇಡಿ.