‘ಮ್ಯಾನ್‌ಸ್ಪ್ಲೇನ್’ ಧಾತು ಮೀಮಾಂಸೆ: ಹೆಣ್ಣುಮಕ್ಕಳಿಗೂ ತಿಳಿಯುವಂತೆ

ಪೀಠಿಕೆ: ಇಂಗ್ಲಿಷಿನಲ್ಲಿ ‘ಮ್ಯಾನ್‌ಸ್ಪ್ಲೇನ್’ ಎಂಬ ಕ್ರಿಯಾಪದವೊಂದು ಚಲಾವಣೆಯಲ್ಲಿದೆ. ಹೆಂಗಸಿಗೆ ಚೆನ್ನಾಗಿ ಗೊತ್ತಿರುವ ವಿಷಯವನ್ನು, ಅದು ಅರ್ಧಂಬರ್ಧ ಗೊತ್ತಿರುವ ಗಂಡಸು, ಕೇಳದಿದ್ದರೂ ಬಿಡಿಸಿ ಹೇಳುವುದು ಎಂದು ಅರ್ಥ. ಈ ಪದದ ಬಗ್ಗೆ ಹೆಂಗಸರೇ ಬಹಳಷ್ಟು ಬರೆದಿದ್ದಾರೆ. ಆದರೂ ಅವರಿಗೆ ಇದು ಸರಿಯಾಗಿ ಅರ್ಥವಾಗಿರಲಿಕ್ಕಿಲ್ಲವೆಂಬ ಕಳಕಳಿಯಿಂದ ನಾವು ಲೇಖನಿ ಹಿಡಿಯಬೇಕಾಯಿತು.

ವ್ಯುತ್ಪತ್ತಿ: ‘ಎಕ್ಸ್‌ಪ್ಲೇನ್’ ಬಂದದ್ದು ಲ್ಯಾಟಿನ್ನಿನ ‘ಎಕ್ಸ್‌ಪ್ಲಾನಾರೆ’ಯಿಂದ. ‘ಪ್ಲಾನುಸ್’ ಎಂದರೆ ಸಮತಟ್ಟು. ವಿಷಯದ ಉಬ್ಬುತಗ್ಗನ್ನು ಸಮ ಮಾಡುವುದು ಮೂಲಾರ್ಥ; ಎದುರಿಗಿರುವವರನ್ನು ನೆಲಸಮ ಮಾಡುವುದು ಆಮೇಲೆ ಸೇರಿದ ವಿಶೇಷಾರ್ಥ.

ಸಂಧಿ: ಮ್ಯಾನ್ + ಎಕ್ಸ್‌ಪ್ಲೇನ್ = ಮ್ಯಾನ್‌ಸ್ಪ್ಲೇನ್. ಲೋಪಸಂಧಿ. ಕನ್ನಡದ ಲೋಪಸಂಧಿಯಲ್ಲಿ ಬಿಟ್ಟುಹೋಗುವುದು ಪೂರ್ವಪದದ ಕೊನೆಯ ಸ್ವರ. ಇಲ್ಲಿ ಪೂರ್ವಪದವಾದ ಗಂಡಸು ಒಂದಕ್ಷರವನ್ನೂ ಬಿಟ್ಟುಕೊಟ್ಟಿಲ್ಲ. ವಿವರಣೆಯೇ ತಲೆ ಕಳೆದುಕೊಂಡಿದೆ.

ಸಮಾಸ: ಕ್ರಿಯಾಸಮಾಸವೆಂದು ಕೆಲವರು ವಾದಿಸಬಹುದು. ನಮ್ಮ ಮತದಲ್ಲಿ ಇದು ತತ್ಪುರುಷ. ‘ಆ ಪುರುಷ’ ಯಾರೆಂದು ಪ್ರತಿ ಆಫೀಸಿನ ಹೆಂಗಸರಿಗೂ ಗೊತ್ತು.

ಕಾರಕ: ಗಂಡಸು ಸದಾ ಪ್ರಥಮಾ ವಿಭಕ್ತಿ. ಹೆಂಗಸು ಚತುರ್ಥಿ: ‘ಆಕೆಗೆ’. ಆಕೆ ಪ್ರಥಮಾ ವಿಭಕ್ತಿಗೆ ಬಂದು ಬಾಯಿ ತೆರೆಯುವಷ್ಟರಲ್ಲಿ ವಾಕ್ಯ ಮುಗಿದು ಇನ್ನೊಂದು ಶುರುವಾಗಿರುತ್ತದೆ.

ಇತಿಹಾಸ: 2003ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಆಸ್ಪೆನ್‌ನಲ್ಲಿ ಒಂದು ಪಾರ್ಟಿ. ಓಡುವ ಕುದುರೆಯ ಹೆಜ್ಜೆಗಳನ್ನು ಫೋಟೋದಲ್ಲಿ ಹಿಡಿದ ಮೈಬ್ರಿಜ್ ಬಗ್ಗೆ ತಾವು ಬರೆದಿರುವುದಾಗಿ ಲೇಖಕಿ ರೆಬೆಕಾ ಸಾಲ್ನಿಟ್ ಹೇಳುತ್ತಿದ್ದಂತೆಯೇ, ಮನೆಯ ಯಜಮಾನರು ಮಾತಿಗೆ ಅಡ್ಡ ಬಂದು, ಮೈಬ್ರಿಜ್ ಕುರಿತು ಈ ವರ್ಷ ಬಹಳ ಮುಖ್ಯವಾದ ಪುಸ್ತಕವೊಂದು ಬಂದಿದೆ, ಗೊತ್ತೇ ಎಂದು ಅದರ ಮಹಿಮೆ ಬಣ್ಣಿಸತೊಡಗಿದರು. ಅದು ಇವರದೇ ಪುಸ್ತಕವೆಂದು ಜೊತೆಗಿದ್ದ ಗೆಳತಿ ಮೂರು ನಾಲ್ಕು ಸಲ ಹೇಳಬೇಕಾಯಿತು. ಯಜಮಾನರು ಓದಿದ್ದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದ ವಿಮರ್ಶೆಯನ್ನಷ್ಟೇ. ಪುಸ್ತಕವನ್ನೇ ಓದಿಬಿಟ್ಟರೆ ಮಾತಿಗೆ ಅಷ್ಟು ಧೈರ್ಯ ಬರುವುದಿಲ್ಲವೆಂಬುದು ಅನುಭವಸಿದ್ಧ.

2008ರ ಏಪ್ರಿಲ್‌ನಲ್ಲಿ ಸಾಲ್ನಿಟ್ ಇದನ್ನು ಪ್ರಬಂಧವಾಗಿಸಿದರು. ಅದರಲ್ಲಿ ಈ ಪದವಿರಲಿಲ್ಲ. ಅದರ ಬೆನ್ನಿಗೇ ಓದುಗರ ನಡುವೆ ಹುಟ್ಟಿಕೊಂಡಿತು. 2014ರಲ್ಲಿ ಆಸ್ಟ್ರೇಲಿಯಾದ ಮ್ಯಾಕ್ವಾರಿ ನಿಘಂಟು ಇದನ್ನು ವರ್ಷದ ಪದವಾಗಿ ಆರಿಸಿತು. 2018ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಒಳಗೆ ಕರೆದುಕೊಂಡಿತು. ಕ್ರಿಯೆ ಅನಾದಿ; ಕ್ರಿಯಾಪದಕ್ಕೆ ಈಗಷ್ಟೇ ಮೀಸೆ ಮೂಡುತ್ತಿದೆ.

ಲಕ್ಷಣ: ಕನ್ನಡದಲ್ಲಿ ಇದು ‘ಅದು ಹಾಗಲ್ಲಮ್ಮ’ ಎಂದು ಆರಂಭವಾಗುತ್ತದೆ. ‘ಅರ್ಥವಾಯಿತಾ?’ ಎಂಬಲ್ಲಿ ಉಸಿರಿಗಾಗಿ ನಿಲ್ಲುತ್ತದೆ. ಉತ್ತರ ಬರುವ ಸೂಚನೆ ಕಂಡರೆ ಮತ್ತೆ ಆರಂಭವಾಗುತ್ತದೆ.

ಪೂರ್ವಪಕ್ಷ: ಈ ಪ್ರಬಂಧದ ಡಿಟಿಪಿ ಮಾಡಿದ ಹೆಣ್ಣುಮಗಳು, ‘ಸಾರ್, ಸ್ವರದ ಮುಂದೆ ಸ್ವರ ಬಂದರೆ ಮಾತ್ರ ಲೋಪಸಂಧಿ. ಮ್ಯಾನ್ ಅನ್ನೋದು ವ್ಯಂಜನಾಂತ ಅಲ್ವಾ?’ ಎಂದರು.

ಸಿದ್ಧಾಂತ: ‘ಅದು ಹಾಗಲ್ಲಮ್ಮ’ ಎಂದು ನಾವು ಸ್ವರ, ವ್ಯಂಜನ, ಆಗಮ, ಆದೇಶಗಳನ್ನು ಮೊದಲಿನಿಂದ ಬಿಡಿಸಿ ಹೇಳಿದೆವು. ಆಕೆ ಮರುಮಾತಾಡದೆ ಕೀಲಿಮಣೆಯತ್ತ ತಿರುಗಿದರು. ಎಂ.ಎ.ಯಲ್ಲಿ ಕನ್ನಡ ವ್ಯಾಕರಣವನ್ನೇ ವಿಶೇಷವಾಗಿ ಓದಿದವರೆಂದು ಆಮೇಲೆ ತಿಳಿಯಿತು. ಹಾಗಾಗಿ ನಮ್ಮ ವಿವರಣೆ ಅವರಿಗೆ ಸುಲಭವಾಗಿ ಅರ್ಥವಾಗಿರಬೇಕು.