ಉಲ್ಲನ್ ದೊಡ್ಡಮ್ಮ

ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿಯ ಮಾತು. ಆ ಚಳಿ ನಾಳೆ ಬೆಳಗಿನ ಜಾವ ಮತ್ತೆ ಬಂದರೂ ಅದಕ್ಕೆ ಸಿದ್ಧರಾಗಿ ಕೂತವರು ಇಡೀ ಊರಿಗೆ ನಮ್ಮ ಉಲ್ಲನ್ ದೊಡ್ಡಮ್ಮ ಒಬ್ಬರೇ. ಇಂಥವರು ನಿಮ್ಮ ಬಳಗದಲ್ಲೂ ಒಬ್ಬರಿರುತ್ತಾರೆ. ಚಿಕ್ಕಮ್ಮನೋ ಸೋದರತ್ತೆಯೋ ಆಗಿರಬಹುದು, ಅಷ್ಟೇ. ಎರಡು ಕಡ್ಡಿ, ಒಂದು ಉಂಡೆ, ತೊಡೆಯ ಮೇಲೆ ಯಾರದೋ ಅರ್ಧ ತೋಳು. ಗುರುತು ಹಿಡಿಯಲು ಇಷ್ಟು ಸಾಕು.

1962ರಲ್ಲಿ ಚೀನಾದೊಂದಿಗೆ ಯುದ್ಧವಾದಾಗ ದೇಶದ ಹೆಣ್ಣುಮಕ್ಕಳು ಗಡಿಯ ಜವಾನರಿಗೆಂದು ಸ್ವೆಟರ್ ಹೆಣೆದು ಕಳಿಸಿದರು. ಶಾಲೆಗೆ ಹೋಗುತ್ತಿದ್ದ ದೊಡ್ಡಮ್ಮನ ಕೈಗೆ ಕಡ್ಡಿ ಬಂದದ್ದು ಆಗಲೇ. ಯುದ್ಧ ಒಂದು ತಿಂಗಳಿಗೆ ನಿಂತಿತು. ದೊಡ್ಡಮ್ಮ ನಿಲ್ಲಿಸಲಿಲ್ಲ. ಜವಾನರ ಜಾಗಕ್ಕೆ ನೆಂಟರು ಬಂದರು.

ಮನುಷ್ಯರಲ್ಲಿ ದೊಡ್ಡಮ್ಮನಿಗೆ ಮೊದಲು ಕಾಣುವುದು ಅಳತೆ. ಕಾಲಿಗೆ ಬಿದ್ದವನ ಬೆನ್ನ ಮೇಲೆ ಕೈಯಿಟ್ಟು "ನೂರು ಕಾಲ ಬಾಳಪ್ಪ" ಅನ್ನುವಷ್ಟರಲ್ಲೇ ಆ ಕೈ ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಗೇಣು ಹಾಕಿ ಮುಗಿಸಿರುತ್ತದೆ. ಮದುವೆ ಮನೆಯಲ್ಲಿ ಮುಂದಿನ ಕುರ್ಚಿಯವಳ ಕಾರ್ಡಿಗನ್ನಿನಲ್ಲಿ ಹೊಸ ಡಿಸೈನ್ ಕಂಡರೆ ಮುಗಿಯಿತು, ಧಾರೆ ಯಾವಾಗ ಆಯಿತೆಂಬುದೇ ಗೊತ್ತಾಗುವುದಿಲ್ಲ. "ಒಂದ್ನಿಮಿಷ ತಿರುಗಮ್ಮ" ಎಂದು ಗುರುತಿಲ್ಲದವಳ ಕಾಲರ್ ಮಗುಚಿ, ಎಷ್ಟು ಸೀದಾ, ಎಷ್ಟು ಉಲ್ಟಾ ಎಂದು ಎಣಿಸಿಕೊಳ್ಳುತ್ತಾರೆ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಆ ಡಿಸೈನ್ ಲಗ್ನಪತ್ರಿಕೆಯ ಹಿಂಬದಿಗೆ ಇಳಿದಿರುತ್ತದೆ.

ಆದರೆ ಒಮ್ಮೆ ತೆಗೆದ ಅಳತೆಗೆ ತಿದ್ದುಪಡಿ ಇಲ್ಲ. ಏಳನೇ ಕ್ಲಾಸಿನಲ್ಲಿ ಬೆನ್ನು ಕೊಟ್ಟ ಚಿಕ್ಕಪ್ಪನ ಮಗ ಈಗ ಸಿಯಾಟಲ್‌ನಲ್ಲಿದ್ದಾನೆ. ಅವನಿಗೆಂದು ಹೋಗುವ ಸ್ವೆಟರ್ ಈಗ ಅವನ ಮಗನಿಗೆ ಸರಿಯಾಗುತ್ತಿದೆ. ಮಗನೂ ಬೆಳೆದುಬಿಟ್ಟರೆ ಮುಂದೇನು ಎಂಬ ಚಿಂತೆ ಅವನಿಗಿದೆ, ದೊಡ್ಡಮ್ಮನಿಗಿಲ್ಲ.

"ಅಂಗಡೀಲಿ ಇದಕ್ಕಿಂತ ಕಮ್ಮಿಗೆ ಸಿಗತ್ತಲ್ವಾ ಅತ್ತೆ?" ಎಂದು ಹೊಸ ಸೊಸೆ ಒಮ್ಮೆ ಕೇಳಿದಳು. ಕಡ್ಡಿಗಳು ನಿಂತವು.

"ಸಿಗತ್ತೆ. ಅಂಗಡಿಯವನು ನಿನ್ನ ಗಂಡನ ಬೆನ್ನು ನೋಡಿದಾನೇನೇ?"

ಈ ಉದ್ಯಮದ ಏಕೈಕ ನೌಕರ ದೊಡ್ಡಪ್ಪ. ಬ್ಯಾಂಕಿನಿಂದ ನಿವೃತ್ತರಾದವರು. ಹೊಸ ಉಲ್ಲನ್ ಬಂದ ದಿನ ಲಡಿಯನ್ನು ಎರಡೂ ಕೈಗೆ ತೊಡಿಸಿಕೊಂಡು ಬೇಡಿ ಬಿದ್ದ ಕೈದಿಯ ಹಾಗೆ ಕೂರುತ್ತಾರೆ; ದೊಡ್ಡಮ್ಮ ಎದುರಿಗೆ ಕೂತು ಉಂಡೆ ಸುತ್ತುತ್ತಾರೆ. ಅಷ್ಟು ಹೊತ್ತು ಟಿವಿಯಲ್ಲಿ ಕೊಹ್ಲಿ ಸಿಕ್ಸರ್ ಹೊಡೆದರೂ ಚಪ್ಪಾಳೆ ತಟ್ಟುವಂತಿಲ್ಲ, ಮೂಗು ನವೆಯಾದರೆ ಮೊಮ್ಮಗಳನ್ನು ಕರೆಯಬೇಕು. ಕಡ್ಡಿಗಳ ನಂಬರಂತೂ ಅವರಿಗೆ ಇಂದಿಗೂ ಬಿಡಿಸದ ಒಗಟು. ನಮ್ಮಲ್ಲಿನ್ನೂ ಬ್ರಿಟಿಷರ ಹಳೇ ಲೆಕ್ಕ: ನಂಬರು ಏರಿದಷ್ಟೂ ಕಡ್ಡಿ ತೆಳ್ಳಗೆ. ಎಂಟನೇ ನಂಬರಿನದು 4 ಮಿಲಿಮೀಟರ್ ದಪ್ಪ, ಹತ್ತನೆಯದು 3.25. "ಹತ್ತು ಇರ್ಲಿಲ್ಲ ಕಣೇ, ಸ್ವಲ್ಪ ದಪ್ಪಗಿದ್ರೆ ಗಟ್ಟಿ ಅಂತ ಹನ್ನೆರಡು ತಂದೆ" ಎಂದು ಅವರು ಹೆಮ್ಮೆಯಿಂದ ಹೇಳಿದ ದಿನ, "ರೀ, ನಿಮ್ಮ ಬ್ಯಾಂಕು ಇಷ್ಟು ದಿನ ಹೇಗ್ರೀ ಉಳೀತು?" ಎಂದಷ್ಟೇ ದೊಡ್ಡಮ್ಮ ಕೇಳಿದರು.

ಉಲ್ಲನ್ ತರಲು ಮಾತ್ರ ದೊಡ್ಡಪ್ಪನನ್ನು ಕಳಿಸುವುದಿಲ್ಲ. ಬಣ್ಣ ಒಂದೇ ಆದರೂ ಲಾಟ್ ಬೇರೆಯಾದರೆ ಛಾಯೆ ಕೂಡುವುದಿಲ್ಲವಲ್ಲ. ಪರ್ಸಿನಲ್ಲಿ ಹಳೆಯ ಎಳೆಯ ತುಂಡನ್ನು ಪಿನ್ನಿಗೆ ಸಿಕ್ಕಿಸಿಕೊಂಡು ಚಿಕ್ಕಪೇಟೆಗೆ ಹೋಗುತ್ತಾರೆ. ಟ್ಯೂಬ್‌ಲೈಟಿನ ಬೆಳಕನ್ನು ನಂಬದೆ ಅಂಗಡಿಯವನನ್ನು ಉಂಡೆ ಸಮೇತ ಬಿಸಿಲಿಗೆ ಎಳೆದು ತಂದು ನಿಲ್ಲಿಸುತ್ತಾರೆ.

ಸಾಲು ನಡುವಿನಲ್ಲಿದ್ದಾಗ ಅವರಿಗೆ ಫೋನ್ ಮಾಡಬಾರದು. ಸೋದರಮಾವ ತೀರಿಕೊಂಡ ಸುದ್ದಿ ಹೇಳಲು ನಾನು ಫೋನ್ ಮಾಡಿದಾಗ ಆ ಕಡೆಯಿಂದ "ಎಪ್ಪತ್ತೆರಡು, ಎಪ್ಪತ್ತಮೂರು, ಅಯ್ಯೋ ಶಿವನೇ, ಎಪ್ಪತ್ನಾಲ್ಕು, ಎಷ್ಟೊತ್ತಿಗೋ, ಎಪ್ಪತ್ತೈದು" ಎಂದು ಕೇಳಿಸಿತು. ಸಾಲು ಮುಗಿದ ಮೇಲೆ ಮನಸಾರೆ ಅತ್ತರು. ಮಾವನ ಮಫ್ಲರ್ ಕೊನೆಯ ಹಂತದಲ್ಲಿತ್ತು.

ಸಾವಿನ ಸುದ್ದಿ ತಡವಾಗಿ ಮುಟ್ಟಿದರೂ ಹುಟ್ಟಿನ ಸುದ್ದಿಯಲ್ಲಿ ದೊಡ್ಡಮ್ಮನೇ ಮುಂದು. ಅವರ ಬುಟ್ಟಿಯಲ್ಲಿ ತಿಳಿಹಳದಿ ಉಲ್ಲನ್ ಕಂಡಿತೆಂದರೆ ಬಳಗದ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಹಳದಿ ಗಂಡಿಗೂ ಆಯಿತು, ಹೆಣ್ಣಿಗೂ ಆಯಿತು. ಮದುವೆಯಾದ ಆರು ತಿಂಗಳಿಗೇ ಕುಲಾವಿ, ಕಾಲುಚೀಲ ಬಂದದ್ದು ಕಂಡು ನಮ್ಮ ತಂಗಿ ಕೆಂಪಾಗಿ, "ಇನ್ನೂ ಏನೂ ಇಲ್ಲ ದೊಡ್ಡಮ್ಮ" ಎಂದಳು.

"ಇರ್ಲಿ ಬಿಡೇ, ಉಲ್ಲನ್ ಹಳಸಲ್ಲ."

ಇಷ್ಟೆಲ್ಲ ಹೆಣೆಯುವ ದೊಡ್ಡಮ್ಮನಿಗೆ ನಿಜವಾದ ಖುಷಿ ಬಿಚ್ಚುವುದರಲ್ಲಿ. ಕುತ್ತಿಗೆಯವರೆಗೆ ಬಂದ ಸ್ವೆಟರಿನ ಹೊಟ್ಟೆಯ ಹತ್ತಿರ ಜಡೆ ಡಿಸೈನಿನ ಒಂದೇ ಒಂದು ತಿರುವು ಬಲಕ್ಕೆ ಬದಲು ಎಡಕ್ಕೆ ಹೋಗಿದ್ದರೂ ಸಾಕು. "ಯಾರಿಗೂ ಕಾಣಲ್ಲ ಬಿಡಿ" ಎಂದರೆ "ನಂಗೆ ಕಂಡಿತಲ್ಲ" ಎಂದು ಕಡ್ಡಿ ಎಳೆದು ಸರ್ರನೆ ಬಿಚ್ಚತೊಡಗುತ್ತಾರೆ. ಒಂದು ವಾರದ ಕೆಲಸ ಐದು ನಿಮಿಷಕ್ಕೆ ಉಂಡೆಯಾಗುವಾಗ ಅವರ ಮುಖ ನೋಡಬೇಕು: ಮತ್ತೆ ಮೊದಲಿನಿಂದ ಹೆಣೆಯಬಹುದು! ಗುಂಗುರು ಕಟ್ಟಿದ ಹಳೇ ಉಲ್ಲನ್ನನ್ನು ಇಡ್ಲಿ ಪಾತ್ರೆಯ ಹಬೆಗೆ ಹಿಡಿದು ನೆಟ್ಟಗೆ ಮಾಡುತ್ತಾರೆ. ನನ್ನ ಸ್ಕೂಲಿನ ನೀಲಿ ಸ್ವೆಟರ್ ಹೀಗೇ ಹಬೆ ಕುಡಿದು ಮೊಮ್ಮಗನ ಟೋಪಿಯಾಯಿತು. ಅವನ ತಲೆ ಬೆಳೆದ ಮೇಲೆ ಟಿವಿ ರಿಮೋಟಿನ ಅಂಗಿಯಾಗಿದೆ. ಆ ಮನೆಯಲ್ಲಿ ರಿಮೋಟಿಗೂ ನೆಗಡಿಯಾಗುವಂತಿಲ್ಲ.

ಕೊಟ್ಟದ್ದನ್ನು ತೊಟ್ಟು ತೋರಿಸಬೇಕು, ಅದೊಂದೇ ಅವರ ಷರತ್ತು. ರಾಯಚೂರಿನ ನಮ್ಮ ಅತ್ತಿಗೆ ಮೇ ತಿಂಗಳಲ್ಲಿ ಅವರಿಂದ ವಿಡಿಯೊ ಕಾಲ್ ಬಂದರೆ ಮೊದಲು ಫ್ಯಾನ್ ಜೋರು ಮಾಡಿ, ತುಂಬು ತೋಳಿನ ಸ್ವೆಟರ್ ಏರಿಸಿಕೊಂಡು, ಆಮೇಲೆ ಫೋನ್ ಎತ್ತುತ್ತಾರೆ. ಕಳೆದ ಸಲ ಹಾಗೆ ಎತ್ತಿದಾಗ ಅತ್ತಿಗೆಯ ಹಣೆಯಿಂದ ನೀರಿಳಿಯುತ್ತಿತ್ತು. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು. ತೃಪ್ತಿಯಾಯಿತು.

"ನೋಡ್ದ್ಯಾ, ಎಷ್ಟು ಬೆಚ್ಚಗಿದೆ! ಆದ್ರೆ ಕುತ್ತಿಗೆ ಬೋಳಾಗಿದೆಯಲ್ಲೇ. ಇರು, ಮಫ್ಲರ್ ಶುರು ಮಾಡ್ತೀನಿ."